ಕಲಬುರಗಿಯ ಬಿಸಿಲಿನಲ್ಲಿ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಕಡಿಮೆ ಖರ್ಚಿನಲ್ಲಿ ತಂಪು ಗಾಳಿ ಒದಗಿಸುವುದು ಹೇಗೆ?

ದುಬಾರಿ ಕೋನ್ ಫಿಲ್ಟರ್ (ಡಬ್ಬಿಯಿಲ್ಲದ, ಶಂಕುವಿನಾಕಾರದ ಗಾಳಿ ಫಿಲ್ಟರ್) ಬೇಡವೇ ಬೇಡ. ಬಾನೆಟ್ಟಿನೊಳಗೆ ತೆರೆದಿಟ್ಟರೆ ಅದು ಎಂಜಿನ್ನಿನ ಕಾದ ಗಾಳಿಯನ್ನೇ ಹೀರುತ್ತದೆ. ಗಾಳಿ ಸುಮಾರು 3 ಡಿಗ್ರಿ ಬಿಸಿಯಾದರೆ ಸಾಂದ್ರತೆ ಶೇ 1ರಷ್ಟು ಇಳಿಯುತ್ತದೆ, ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಇದು ಸಣ್ಣ ಮಾತಲ್ಲ.

ಕಾರಿನ ಜೊತೆ ಬಂದ ಫಿಲ್ಟರ್ ಡಬ್ಬಿಯನ್ನೇ ಉಳಿಸಿಕೊಳ್ಳಿ. ಅದರ ಬಾಯಿಯಿಂದ ಮುಂಭಾಗದ ಗ್ರಿಲ್‌ನ ಹಿಂಬದಿಯವರೆಗೆ ಶಾಖ ತಡೆಯುವ, ಬಾಗುವ ಪೈಪ್ ಜೋಡಿಸಿ, ಕ್ಲಾಂಪಿನಿಂದ ಬಿಗಿಯಿರಿ. ಡಬ್ಬಿಗೂ ಎಂಜಿನ್ನಿಗೂ ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಇಡಿ. ಪೈಪಿನ ಬಾಯಿಯನ್ನು ಬಂಪರಿನ ತಳಕ್ಕೆ ಮಾತ್ರ ಇಳಿಸಬೇಡಿ. ಮಳೆಗಾಲದಲ್ಲಿ ರಸ್ತೆಯ ನೀರನ್ನು ಹೀರಿದರೆ ಎಂಜಿನ್ನಿನೊಳಗೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗಬಹುದು. ತೊಗರಿ ಹೊಲಗಳ ಎರೆಮಣ್ಣಿನ ದೂಳು ಬಹಳ ಸಣ್ಣದು. ಆದ್ದರಿಂದ ಕಾಗದದ ಫಿಲ್ಟರನ್ನೇ ಬಳಸಿ, ಬೇಗ ಬೇಗ ಬದಲಿಸಿ.