ಊರಿನವರಿಗೆಲ್ಲ ಪಿಎಂ ಕಿಸಾನ್ ಕಂತು ಬಂದಿದೆ, ನಮಗೇಕೆ ಬಂದಿಲ್ಲ?

ಪಿಎಂ ಕಿಸಾನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ), ಜಮೀನು ಜೋಡಣೆ, ಬ್ಯಾಂಕ್-ಆಧಾರ್ ಜೋಡಣೆ, ಈ ಮೂರರಲ್ಲಿ ಒಂದರ ಮುಂದೆ ‘ನೋ’ ಇದ್ದರೂ 2,000 ರೂಪಾಯಿಯ ಕಂತು ನಿಲ್ಲುತ್ತದೆ.

ಹೆಚ್ಚು ಜನ ಎಡವುವುದು ಬ್ಯಾಂಕಿನಲ್ಲೇ. ಖಾತೆಗೆ ಆಧಾರ್ ಕೊಟ್ಟರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ನೋಂದಣಿ) ಆಗಿರಬೇಕು. ಇತ್ತೀಚೆಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಮ್ಯಾಪ್ ಮಾಡಿಸಿದ್ದರೆ ಹಣ ಅಲ್ಲಿಗೇ ಹೋಗಿರುತ್ತದೆ. ದೂರು ಕೊಡುವ ಮೊದಲು ಆ ಪಾಸ್‌ಬುಕ್ ಎಂಟ್ರಿ ಮಾಡಿಸಿ.

ಜಮೀನು ಜೋಡಣೆ ಆಗಿಲ್ಲದಿದ್ದರೆ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ) ಸರ್ವೆ ನಂಬರ್ ಸೇರಿಸಲು ಹೇಳಿ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಳ್ಳಿ. 1-2-2019ರ ನಂತರ ಜಮೀನು ಕೊಂಡು ಹೊಸದಾಗಿ ರೈತರಾದವರಿಗೆ ಈ ಹಣವಿಲ್ಲ. ವಾರಸಾ ಹಕ್ಕಿನಿಂದ ಬಂದಿದ್ದರೆ ಉಂಟು.