ಲಿವರ್ ರೈಫಲ್ ಇನ್ನೂ ಯಾಕೆ ಬದುಕಿದೆ?

ಹೋದ ಸಂಚಿಕೆಯಲ್ಲಿ ಹಳೇ ಯಂತ್ರಗಳ ಬಗ್ಗೆ ಬರೆಯುವಾಗ ಲಿವರ್ ರೈಫಲ್ ಹೆಸರನ್ನು ಒಂದೇ ಒಂದು ಸಲ ಎತ್ತಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಕೌಬಾಯ್ ಸಿನಿಮಾಗಳಲ್ಲಿ ಟ್ರಿಗರ್ ಸುತ್ತ ಇರುವ ಬಳೆಯಂಥ ಹಿಡಿಯನ್ನು, ಅಂದರೆ ಲಿವರನ್ನು, ಕೆಳಗೆ ತಳ್ಳಿ, ಮೇಲೆಳೆದು ಗುಂಡು ಹೊಡೆಯುತ್ತಾರಲ್ಲ, ಅಂಥ ಬಂದೂಕನ್ನು ಅಮೆರಿಕದಲ್ಲಿ ಈಗಲೂ ಹೊಸದಾಗಿ ಮಾಡಿ ಮಾರುತ್ತಾರಂತೆ. ಅದಕ್ಕಿಂತ ವೇಗವಾದವು ಎಷ್ಟೋ ಬಂದಿವೆ. ಆದರೂ ಜನ ಅದನ್ನೇ ಯಾಕೆ ಕೊಳ್ಳುತ್ತಾರೆ? ಬರೀ ಸಿನಿಮಾ ಮೋಹವೇ?

ಉತ್ತರ: ಸಿನಿಮಾ ಮೋಹ ಸ್ವಲ್ಪ ಇದೆ. ನಟ ಜಾನ್ ವೇಯ್ನ್ ದೊಡ್ಡ ಬಳೆಯ ರೈಫಲನ್ನು ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸಿದ್ದನ್ನು ಕಂಡವರು ಮರೆಯುವುದಿಲ್ಲ. ಆದರೆ ನಾನು ಕಂಡ ಮನೆಗಳಲ್ಲಿ ಈ ರೈಫಲ್ ಇದ್ದದ್ದಕ್ಕೆ ಸಿನಿಮಾ ಕಾರಣ ಆಗಿರಲಿಲ್ಲ. ಅಪ್ಪ ಬಳಸಿದ್ದು ಮಗಳ ಕೈಗೆ ಬಂದಿತ್ತು, ಅಷ್ಟೇ.

ನಾನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಕಾರ್ಖಾನೆಯ ಉಪಕರಣಗಳನ್ನು ಮಾಡುವ ಒಂದು ಟೂಲ್‌ರೂಮಿನಲ್ಲಿ 19 ವರ್ಷ ದುಡಿದವನು. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲಿನ ಸೋಮವಾರ ಜಿಂಕೆ ಬೇಟೆ ಶುರುವಾಗುತ್ತಿತ್ತು. 2019ರಿಂದ ಅದನ್ನು ಶನಿವಾರಕ್ಕೆ ತಂದಿದ್ದಾರೆ. ಆ ಸೋಮವಾರ ಎಷ್ಟೋ ಶಾಲೆಗಳಿಗೆ ರಜೆ. ನಮ್ಮಲ್ಲೂ ಅರ್ಧಕ್ಕರ್ಧ ಲೇತ್‌ಗಳು ಸುಮ್ಮನೆ ನಿಂತಿರುತ್ತಿದ್ದವು. ನನ್ನ ಪಕ್ಕದ ಮನೆಯಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಅಜ್ಜ ಇದ್ದರು. ಅವರ ಹತ್ತಿರ ಅವರ ತಂದೆ ಕೊಂಡಿದ್ದ ವಿಂಚೆಸ್ಟರ್ 1894 ಇತ್ತು. ಥರ್ಟಿ-ಥರ್ಟಿ ತೋಟಾ ಹಾಕುವಂಥದ್ದು. ನಳಿಗೆಯ ಕಪ್ಪು ಬಣ್ಣ ಒಂದೇ ಒಂದು ಕಡೆ ಪೂರ್ತಿ ಸವೆದು, ಕೆಳಗಿನ ಉಕ್ಕು ಬೆಳ್ಳಗೆ ಕಾಣುತ್ತಿತ್ತು. ರೈಫಲನ್ನು ಎತ್ತಿಕೊಂಡು ನಡೆಯುವಾಗ ಕೈ ಕೂರುವ ಜಾಗ ಅದು. ತಂದೆಯ ಕೈ, ಆಮೇಲೆ ಮಗನ ಕೈ.

ಅವರು ಅದನ್ನು ಖಾಲಿ ಮಾಡಿ, ಎರಡೆರಡು ಸಲ ಬೆರಳು ಹಾಕಿ ನೋಡಿ, ನನ್ನ ಕೈಗಿಟ್ಟರು. ನಾನು ಎಡಚ. ಅದಕ್ಕೂ ಹಿಂದೆ ಗುಂಡು ಹೊಡೆಯುವ ಒಂದು ರೇಂಜಿನಲ್ಲಿ ನನಗೆ ಬೋಲ್ಟ್ ರೈಫಲ್ ಕೊಟ್ಟಿದ್ದರು, ಪಕ್ಕದ ಹಿಡಿಯನ್ನು ಎತ್ತಿ ಹಿಂದೆಮುಂದೆ ಎಳೆದು ತೋಟಾ ತುಂಬುವಂಥದ್ದು. ಅದರ ಹಿಡಿ ಬಲಗಡೆ ಇರುತ್ತದೆ. ಪ್ರತಿ ಗುಂಡಿಗೂ ರೈಫಲನ್ನು ಹೆಗಲಿಂದ ಇಳಿಸಬೇಕು, ಇಲ್ಲಾ ಕೈಯನ್ನು ಅದರ ಮೇಲಿಂದ ಆಚೆಗೆ ಚಾಚಬೇಕು. ‘ಬಲಗೈಯಲ್ಲಿ ಕಲಿ’ ಅಂದರು ಅಲ್ಲಿದ್ದವರು. ಚಿಕ್ಕಂದಿನಿಂದ ಕೇಳಿ ಕೇಳಿ ಸಾಕಾಗಿದ್ದ ಮಾತು ಅದು. ಲಿವರ್ ರೈಫಲಿನಲ್ಲಿ ಆ ತಕರಾರೇ ಇಲ್ಲ. ಲಿವರ್ ನಡುಮಧ್ಯದಲ್ಲಿದೆ. ಎಡಗೈಯವರಿಗೂ ಒಂದೇ, ಬಲಗೈಯವರಿಗೂ ಒಂದೇ. ಅಜ್ಜನ ಹಿತ್ತಲಲ್ಲಿ ನಿಂತು ಮೊದಲ ಸಲ ಲಿವರ್ ಆಡಿಸಿದಾಗ ನನಗೆ ಆದ ಸಂತೋಷವನ್ನು ಎಡಚರು ಮಾತ್ರ ಪೂರ್ತಿ ಅರ್ಥ ಮಾಡಿಕೊಳ್ಳಬಹುದು.

ಇನ್ನು ಕೆಲಸದ ಮಾತು. ಲಿವರ್ ಕೆಳಗೆ ಹೋದಾಗ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹಿಂದೆ ಸರಿಯುತ್ತದೆ, ಖಾಲಿ ತೋಟಾ ಹೊರಗೆ ಚಿಮ್ಮುತ್ತದೆ, ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಹಿಂದಕ್ಕೆ ಬಾಗಿ ನಿಲ್ಲುತ್ತದೆ, ಹೊಸ ತೋಟಾ ಮೇಲೇರುತ್ತದೆ. ಲಿವರ್ ಮೇಲೆ ಬಂದಾಗ ಆ ತೋಟಾ ನಳಿಗೆಯೊಳಗೆ ಸೇರಿ, ಹಿಂದಿನಿಂದ ಬೀಗ ಬೀಳುತ್ತದೆ. ಚಕ್, ಟಕ್. ಎರಡೇ ಸದ್ದು. ಇದನ್ನೆಲ್ಲ ನಡೆಸಿದ್ದು ಹೊಗೆಯ ಒತ್ತಡ ಅಲ್ಲ, ನಿಮ್ಮ ಕೈ. ಎಲ್ಲಿ ಬಿಗಿಯಾಯಿತು, ಎಲ್ಲಿ ಸಲೀಸಾಯಿತು, ಎಲ್ಲಿ ತೋಟಾ ಸರಿಯಾಗಿ ಕೂರಲಿಲ್ಲ, ಎಲ್ಲವೂ ಬೆರಳಿಗೆ ಗೊತ್ತಾಗುತ್ತದೆ. ಹಳೇ ಲೇತಿನ ಕೈಚಕ್ರ ತಿರುಗಿಸಿದವರಿಗೆ ಈ ಸುಖ ಗೊತ್ತು. ಈ ರೈಫಲನ್ನು ಜನ ಬಿಡದೇ ಇರುವುದಕ್ಕೆ ನನ್ನ ಪ್ರಕಾರ ಮೊದಲ ಕಾರಣ ಇದೇ. ಉಳಿದದ್ದೆಲ್ಲ ಆಮೇಲೆ.

ಉಳಿದದ್ದೂ ಕಡಿಮೆ ಏನಿಲ್ಲ ಅನ್ನಿ. ಅದು ಚಪ್ಪಟೆಯಾಗಿದೆ, ತೂಕ ಸುಮಾರು 3 ಕೆ.ಜಿ. ಹೊರಗೆ ಚಾಚಿಕೊಂಡಿರುವ ತೋಟಾ ಪೆಟ್ಟಿಗೆ ಇಲ್ಲ, ಪೊದೆಗೆ ಸಿಕ್ಕುವ ಹಿಡಿ ಇಲ್ಲ. ಕುದುರೆಯ ಜೀನಿನ ಪಕ್ಕದ ಚರ್ಮದ ಚೀಲದಲ್ಲಿ ಸಲೀಸಾಗಿ ಕೂರುತ್ತಿತ್ತು. ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಮರಗಳ ನಡುವೆ ಜಿಂಕೆ ಕಾಣುವುದೇ ಹತ್ತಿರದಲ್ಲಿ. 100 ಗಜ ಅಂದರೆ ಅಲ್ಲಿ ದೂರವೇ. ಅಷ್ಟಕ್ಕೆ ಥರ್ಟಿ-ಥರ್ಟಿ ಧಾರಾಳ. ನಾನಿದ್ದ ಕಾಲದಲ್ಲಿ ಆ ರಾಜ್ಯದಲ್ಲಿ ಜಿಂಕೆ ಬೇಟೆಗೆ, ಪ್ರತಿ ಗುಂಡಿನ ನಂತರ ತಾನೇ ತೋಟಾ ತುಂಬಿಕೊಳ್ಳುವ ಅರೆ-ಸ್ವಯಂಚಾಲಿತ ರೈಫಲ್ ಬಳಸುವಂತಿರಲಿಲ್ಲ. ಕೈಯಿಂದ ಆಡಿಸುವ ರೈಫಲುಗಳಲ್ಲಿ ಲಿವರಿನಷ್ಟು ಚುರುಕಾದವು ಕಡಿಮೆ. ನಾನು ಅಜ್ಜನ ಜೊತೆ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಕಾಡಿಗೆ ಹೋಗಿದ್ದೇನೆ. ಜಿಂಕೆಗೆ ಗುಂಡು ಹೊಡೆಯಲಿಲ್ಲ. ನನ್ನ ಗುಂಡುಗಳೆಲ್ಲ ಹೋದದ್ದು ರೇಂಜಿನ ಕಾಗದಕ್ಕೆ. ಅವರು ಅದಕ್ಕೆ ಏನೂ ಅನ್ನಲಿಲ್ಲ.

ಪ್ರಶ್ನೆ: ಇದನ್ನು ಕಂಡುಹಿಡಿದವರು ವಿಂಚೆಸ್ಟರ್ ತಾನೇ?

ಉತ್ತರ: ಅಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಒಬ್ಬ ಕೆಲಸಗಾರನ ಹೆಸರು ಇದರಲ್ಲಿ ಹಿಂದೆ ಬಿದ್ದಿದೆ.

ಆಲಿವರ್ ವಿಂಚೆಸ್ಟರ್ ಕನೆಕ್ಟಿಕಟ್‌ನ ನ್ಯೂ ಹೇವನ್ ಊರಿನಲ್ಲಿ ಅಂಗಿ ಹೊಲಿಸುವ ಕಾರ್ಖಾನೆ ಇಟ್ಟಿದ್ದವರು. 1840ರ ದಶಕದ ಕೊನೆಯಲ್ಲಿ ವಾಲ್ಟರ್ ಹಂಟ್ ಅನ್ನುವವರು ಲಿವರಿನಿಂದ ನಡೆಯುವ ರೈಫಲಿಗೆ ಪೇಟೆಂಟ್ ತೆಗೆದುಕೊಂಡರು. ತುಂಬಾ ನಾಜೂಕು, ಬಳಕೆಗೆ ಬರಲಿಲ್ಲ. ಅದನ್ನು ತಿದ್ದುತ್ತಾ ಬಂದವರಲ್ಲಿ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಕೂಡ ಇದ್ದರು. ಮುಂದೆ ರಿವಾಲ್ವರಿನಿಂದ ಹೆಸರಾದ ಅದೇ ಸ್ಮಿತ್, ಅದೇ ವೆಸನ್. 1855ರಲ್ಲಿ ಅದು ವೋಲ್ಕ್ಯಾನಿಕ್ ಅನ್ನುವ ಕಂಪನಿಯಾಯಿತು. ವಿಂಚೆಸ್ಟರ್ ಅದರಲ್ಲಿ ದುಡ್ಡು ಹಾಕಿದ್ದರು. ಕಂಪನಿ ಮುಳುಗಿದಾಗ ಅದರ ಆಸ್ತಿ ಅವರ ಕೈಗೆ ಬಂತು.

ಆ ಕಾರ್ಖಾನೆಯ ಕೆಲಸ ನೋಡಿಕೊಳ್ಳುತ್ತಿದ್ದವರು ಬೆಂಜಮಿನ್ ಟೈಲರ್ ಹೆನ್ರಿ. 1860ರ ಅಕ್ಟೋಬರಿನಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಮದ್ದು, ಗುಂಡು, ಬೆಂಕಿ ಹೊತ್ತಿಸುವ ಕೇಪಿನ ಮಸಾಲೆ ಎಲ್ಲವೂ ಒಂದೇ ಲೋಹದ ಕೋಶದಲ್ಲಿ ಇರುವ ತೋಟಾ, ಅದಕ್ಕೆ ಹೊಂದುವ ಲಿವರ್ ರೈಫಲ್. ಒಂದು ಸಲಕ್ಕೆ 16 ತೋಟಾ ತುಂಬಬಹುದಿತ್ತು. ನಳಿಗೆಯ ಬಾಯಿಂದ ಮದ್ದು ಜಡಿದು ಒಂದು ಗುಂಡು ಹೊಡೆಯುವ ಕಾಲದಲ್ಲಿ ಹದಿನಾರು! ಅಮೆರಿಕದ ಅಂತರ್ಯುದ್ಧದಲ್ಲಿ ಎಷ್ಟೋ ಸೈನಿಕರು ಸ್ವಂತ ಸಂಬಳದಿಂದ ಇದನ್ನು ಕೊಂಡರು. ಒಟ್ಟು ಸುಮಾರು 14,000 ತಯಾರಾದವು. ಲೋಪವೂ ಇತ್ತು. ತೋಟಾಗಳನ್ನು ಒತ್ತುವ ಗುಬಟು ನಳಿಗೆಯ ಕೆಳಗಿನ ಸೀಳಿನಲ್ಲಿ ಹಿಂದೆ ಹಿಂದೆ ಸರಿಯುತ್ತಾ ಬಂದು ಹಿಡಿದ ಕೈಗೇ ತಾಗುತ್ತಿತ್ತು. ಆ ಸೀಳಿಗೆ ಮಣ್ಣು ಹೊಕ್ಕರೆ ಕಥೆ ಮುಗಿಯಿತು. ನಳಿಗೆ ಕಾದರೆ ಹಿಡಿಯಲು ಮರವೂ ಇರಲಿಲ್ಲ. ನೆಲ್ಸನ್ ಕಿಂಗ್ ಅನ್ನುವ ಇನ್ನೊಬ್ಬ ಕೆಲಸಗಾರರು ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು ಇಟ್ಟು ಅಲ್ಲಿಂದ ತೋಟಾ ತುಂಬುವಂತೆ ಮಾಡಿದರು. ಅದೇ 1866ರ ಮಾದರಿ. ಆ ಪುಟ್ಟ ಬಾಗಿಲು ಇವತ್ತಿನ ಎಷ್ಟೋ ಲಿವರ್ ರೈಫಲುಗಳಲ್ಲೂ ಹಾಗೇ ಇದೆ.

ಅಷ್ಟು ಹೊತ್ತಿಗೆ ದುಡ್ಡಿನ ವಿಷಯಕ್ಕೆ ಹೆನ್ರಿಗೂ ವಿಂಚೆಸ್ಟರ್‌ಗೂ ಮನಸ್ತಾಪ ಆಗಿತ್ತು. ಕಂಪನಿ ವಿಂಚೆಸ್ಟರ್ ಹೆಸರಿಗೆ ತಿರುಗಿತು. ಹೆನ್ರಿಗೆ ಉಳಿದದ್ದು ಒಂದು ಅಕ್ಷರ. ಆ ಕಂಪನಿಯ ರಿಮ್‌ಫೈರ್ (ಬುಡದ ಅಂಚಿಗೆ ಬಡಿದರೆ ಸಿಡಿಯುವ) ತೋಟಾಗಳ ಬುಡದಲ್ಲಿ ಎಚ್ ಅನ್ನುವ ಅಕ್ಷರ ಒತ್ತುತ್ತಿದ್ದರು. ಅದು ಹೆನ್ರಿಯ ಎಚ್. ಒಂದು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ನೋಡಿದಾಗ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಈಗ ಹೆನ್ರಿ ಹೆಸರಿನಲ್ಲಿ ಲಿವರ್ ರೈಫಲ್ ಮಾಡುವ ಕಂಪನಿ ಇದೆಯಲ್ಲ, ಅದು 1990ರ ದಶಕದಲ್ಲಿ ಶುರುವಾದದ್ದು. ಹಳೆಯ ಕಾರ್ಖಾನೆಗೂ ಅದಕ್ಕೂ ನೇರ ಸಂಬಂಧ ಇಲ್ಲ.

ಪ್ರಶ್ನೆ: ಈ ರೈಫಲುಗಳ ಗುಂಡಿನ ಮೂತಿ ಚಪ್ಪಟೆ ಇರುವುದು ಯಾಕೆ?

ಉತ್ತರ: ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ, ಗುಂಡು ಹೊಡೆದ ಒದೆತಕ್ಕೆ ಕೇಪನ್ನು ಕುಕ್ಕಿ ಕೊಳವೆಯೊಳಗೇ ಸಿಡಿಯಬಹುದು. ಆರ್ಥರ್ ಸ್ಯಾವೇಜ್ ತಮ್ಮ 1899ರ ಮಾದರಿಯಲ್ಲಿ ಕೊಳವೆಯನ್ನೇ ಬಿಟ್ಟು, ತೋಟಾ ಕೂರುವ ತಿರುಗುವ ಗೂಡು (ಮ್ಯಾಗಜೀನ್) ಇಟ್ಟು, ಚೂಪು ಗುಂಡಿಗೆ ದಾರಿ ಮಾಡಿದರು. ಈಗ ಮೆತ್ತನೆಯ ಪ್ಲಾಸ್ಟಿಕ್ ತುದಿಯ ಗುಂಡುಗಳೂ ಸಿಗುತ್ತವೆ.

ಪ್ರಶ್ನೆ: ಅಷ್ಟು ಚೆನ್ನಾಗಿದ್ದರೆ ಸೈನ್ಯಗಳು ಯಾಕೆ ಇದನ್ನು ಬಿಟ್ಟು ಬೋಲ್ಟ್ ರೈಫಲ್ ಹಿಡಿದವು?

ಉತ್ತರ: ನೆಲದ ಮೇಲೆ ಬೋರಲು ಮಲಗಿ ಲಿವರನ್ನು ಕೆಳಗೆ ತಳ್ಳಲು ಹೋಗಿ ನೋಡಿ. ನೆಲ ಅಡ್ಡ ಬರುತ್ತದೆ. ಮೊದಮೊದಲ ಮಾದರಿಗಳಿಗೆ ಜೋರು ತೋಟಾ ತಡೆಯುವ ಶಕ್ತಿಯೂ ಇರಲಿಲ್ಲ. 1873ರ ಮಾದರಿಯ ಬೀಗ ನಮ್ಮ ಮೊಣಕಾಲಿನ ಹಾಗೆ. ನೆಟ್ಟಗಿದ್ದಾಗ ಭಾರ ಹೊರುತ್ತದೆ, ಮಡಚಿದಾಗ ಜಾರುತ್ತದೆ. ಒಂದೇ ಸ್ಕ್ರೂ ಬಿಚ್ಚಿದರೆ ಪಕ್ಕದ ತಗಡು ಕೈಗೆ ಬರುತ್ತದೆ, ಒಳಗಿನ ಕೀಲುಗಳೆಲ್ಲ ಕಾಣುತ್ತವೆ. ನೋಡಲು ತುಂಬಾ ಚೆಂದ. ಆದರೆ ಜಾಸ್ತಿ ಒತ್ತಡಕ್ಕೆ ಅದು ಆಗದು. ಯೂಟಾ ರಾಜ್ಯದ ಆಗ್ಡನ್ ಊರಿನ ಜಾನ್ ಬ್ರೌನಿಂಗ್ 1886ರ ಮಾದರಿಗೆ ಗಟ್ಟಿ ಉಕ್ಕಿನ ಅಡ್ಡಬೀಗ ಇಟ್ಟ ಮೇಲೆ ಆ ತೊಂದರೆ ತೀರಿತು. ಅಷ್ಟರಲ್ಲಿ ಸೈನ್ಯಗಳು ಬೋಲ್ಟ್ ಕಡೆ ವಾಲಿದ್ದವು.

ಹಾಗಂತ ಯುದ್ಧದಲ್ಲಿ ಬಳಸಲೇ ಇಲ್ಲ ಅಂತಲ್ಲ. 1877ರಲ್ಲಿ ಈಗಿನ ಬಲ್ಗೇರಿಯಾದ ಪ್ಲೆವ್ನಾದಲ್ಲಿ ತುರ್ಕರು ಹತ್ತಿರ ಬಂದ ರಷ್ಯನ್ನರ ಮೇಲೆ ವಿಂಚೆಸ್ಟರ್‌ಗಳನ್ನು ಹಿಡಿದು ಭಾರೀ ಸಾವುನೋವು ಮಾಡಿದರು. ಮೊದಲ ಮಹಾಯುದ್ಧದಲ್ಲಿ ಅದೇ ರಷ್ಯಾ ಸುಮಾರು 3 ಲಕ್ಷ ವಿಂಚೆಸ್ಟರ್ 1895 ತರಿಸಿಕೊಂಡಿತು.

ಪ್ರಶ್ನೆ: ‘ಪಶ್ಚಿಮವನ್ನು ಗೆದ್ದ ಬಂದೂಕು’ ಅನ್ನುತ್ತಾರೆ. ನಿಮಗೆ ಅದು ಹೆಮ್ಮೆಯ ಮಾತು ಅನ್ನಿಸುತ್ತದೆಯೇ?

ಉತ್ತರ: ಇಲ್ಲ. ಅದು ಕಂಪನಿಯ ಜಾಹೀರಾತಿನ ಮಾತು. ಅಲ್ಲಿ ಮೊದಲಿನಿಂದ ಬದುಕಿದ್ದವರ ನೆಲವನ್ನು ಕಿತ್ತುಕೊಂಡದ್ದಕ್ಕೆ ಗೆಲುವು ಅಂತ ಹೆಸರಿಟ್ಟದ್ದು ನನಗೆ ಒಪ್ಪಿಗೆ ಇಲ್ಲ. ಮಾತು ಪೂರ್ತಿ ಸರಿಯೂ ಅಲ್ಲ. ಕಾಡೆಮ್ಮೆಗಳ ಹಿಂಡುಗಳನ್ನು ನೆಲಸಮ ಮಾಡಿದ ಬೇಟೆಗಾರರು ಹೆಚ್ಚಾಗಿ ಹಿಡಿದದ್ದು ಒಂದೊಂದೇ ಗುಂಡಿನ ಭಾರೀ ರೈಫಲುಗಳನ್ನು. ಸೈನ್ಯದ ಕೈಯಲ್ಲಿದ್ದದ್ದೂ ಒಂದು ಗುಂಡಿನ ಸ್ಪ್ರಿಂಗ್‌ಫೀಲ್ಡ್.

1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಹತ್ತಿರ ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರ್ ದಂಡನ್ನು ಮೂಲನಿವಾಸಿಗಳಾದ ಲಕೋಟ ಮತ್ತು ಶಯೆನ್ ಜನ ಸೋಲಿಸಿದರು. 1983ರಲ್ಲಿ ಅಲ್ಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬಯಲಾಯಿತು. ಮುಂದಿನ ವರ್ಷ ಅಗೆದು ನೋಡಿದಾಗ ಹೆನ್ರಿ ಮತ್ತು ವಿಂಚೆಸ್ಟರ್ ರೈಫಲುಗಳ ಖಾಲಿ ತೋಟಾಗಳು ಸಿಕ್ಕವು. ತಮ್ಮ ನೆಲಕ್ಕಾಗಿ ಹೋರಾಡಿದವರಲ್ಲಿ ಅನೇಕರ ಕೈಯಲ್ಲಿ ಲಿವರ್ ರೈಫಲ್ ಇತ್ತು. ಈ ಮಾತು ಆ ಜಾಹೀರಾತಿನಲ್ಲಿ ಇಲ್ಲ.

ಪ್ರಶ್ನೆ: ‘1964ಕ್ಕೆ ಮುಂಚಿನದು’ ಅಂದರೆ ಬೆಲೆ ಜಾಸ್ತಿಯಂತೆ, ಯಾಕೆ?

ಉತ್ತರ: ಆ ವರ್ಷ ವಿಂಚೆಸ್ಟರ್ ಖರ್ಚು ಇಳಿಸಲು ತಯಾರಿಕೆಯ ರೀತಿಯನ್ನು ಬದಲಿಸಿತು. ಗಟ್ಟಿ ಉಕ್ಕಿನಿಂದ ಕೊರೆದು ಮಾಡುತ್ತಿದ್ದ ತೋಟಾ ಎತ್ತುವ ಭಾಗ ತಗಡು ಒತ್ತಿದ್ದಾಯಿತು. ಗಟ್ಟಿ ಪಿನ್ನುಗಳ ಜಾಗಕ್ಕೆ ಸುರುಳಿ ಪಿನ್ನು ಬಂದವು. ರೈಫಲ್ ಕೆಲಸ ಮಾಡುತ್ತಿತ್ತು, ಆದರೆ ಲಿವರ್ ಎಳೆದರೆ ಗಲಗಲ. ಕೊಂಡವರ ಕೈಗೆ ತಕ್ಷಣ ಗೊತ್ತಾಯಿತು. ಟೂಲ್‌ರೂಮಿನವನಾಗಿ ಹೇಳುತ್ತೇನೆ, ಜನ ಮೋಸ ಹೋಗಲಿಲ್ಲ ಅನ್ನುವುದು ನನಗೆ ಬಹಳ ಸಮಾಧಾನದ ವಿಷಯ. ಆಮೇಲೆ ಕಂಪನಿ ಸ್ವಲ್ಪ ಸ್ವಲ್ಪ ತಿದ್ದಿಕೊಂಡಿತು. 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚಿತು. 70 ಲಕ್ಷಕ್ಕೂ ಹೆಚ್ಚು 1894ಗಳು ತಯಾರಾಗಿದ್ದವು. ಈಗ ವಿಂಚೆಸ್ಟರ್ ಹೆಸರಿನ ಲಿವರ್ ರೈಫಲುಗಳು ಜಪಾನಿನ ಮಿರೋಕು ಕಾರ್ಖಾನೆಯಿಂದ ಬರುತ್ತವೆ. ಕೆಲಸ ಅಚ್ಚುಕಟ್ಟು.

ಪ್ರಶ್ನೆ: ನೀವು ನೋಡಿದ ಲಿವರ್ ರೈಫಲುಗಳಲ್ಲಿ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಯಾವುದು?

ಉತ್ತರ: ಅಜ್ಜನದು ಅಂತ ಹೇಳಬೇಕು. ಆದರೆ ಇನ್ನೊಂದಿದೆ, ಅದರಿಂದ ಒಂದು ಗುಂಡನ್ನೂ ಇನ್ನು ಹೊಡೆಯಲಾಗದು.

2014ರ ನವೆಂಬರಿನಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಪುರಾತತ್ವದವರು ಸಮೀಕ್ಷೆ ಮಾಡುತ್ತಾ ಹೋಗುವಾಗ, ಒಂದು ಜುನಿಪರ್ ಮರಕ್ಕೆ ಒರಗಿಸಿದ ರೈಫಲ್ ಕಂಡಿತು. ವಿಂಚೆಸ್ಟರ್ 1873. ಮರದ ಹಿಡಿ ಬಿಸಿಲು ಮಳೆಗೆ ಬಿರಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಬುಡ ಮಣ್ಣಿನಲ್ಲಿ ಹೂತಿತ್ತು. ನಳಿಗೆ ತುಕ್ಕು ಹಿಡಿದು ಮರದ ಕಾಂಡದ ಬಣ್ಣಕ್ಕೇ ಬಂದಿತ್ತು. ನಂಬರ್ ನೋಡಿದರೆ 1882ರಲ್ಲಿ ತಯಾರಾದದ್ದು. ಆ ವರ್ಷ ಅದರ ಬೆಲೆ ಸುಮಾರು 25 ಡಾಲರ್. ಯಾರು ಕೊಂಡರು ಅಂತ ಕಂಪನಿಯ ದಾಖಲೆಯಲ್ಲಿ ಇಲ್ಲ.

ವಯೋಮಿಂಗ್‌ನ ಕೋಡಿ ಊರಿನ ಮ್ಯೂಸಿಯಮ್ಮಿಗೆ ಒಯ್ದು ಎಕ್ಸ್‌ರೇ ತೆಗೆಸಿದಾಗ ಹಿಡಿಯೊಳಗಿನ ಪುಟ್ಟ ಗೂಡಿನಲ್ಲಿ ಒಂದು ತೋಟಾ ಸಿಕ್ಕಿತು. 1887ರಿಂದ 1911ರ ನಡುವೆ ತಯಾರಾದ ಬಗೆಯದು. ಅಂದರೆ ಆ ವರ್ಷಗಳಲ್ಲೋ ಆಮೇಲೋ ಯಾರೋ ಅದನ್ನು ಅಲ್ಲಿ ಇಟ್ಟಿದ್ದಾರೆ. ಬಿರಿದ ಮರ ಉದುರದಂತೆ ಮಾಡಿದರು, ಅಷ್ಟೇ. ಹೊಳಪು ಕೊಡಲಿಲ್ಲ, ತುಕ್ಕು ಉಜ್ಜಲಿಲ್ಲ. ಅದು ಈಗ ಉದ್ಯಾನಕ್ಕೇ ವಾಪಸ್ ಬಂದಿದೆ.

ಮಗಳ ಜೊತೆ ಹೋದಾಗ ನಾನು ಅದರ ಮುಂದೆ ನಿಂತು ಲಿವರನ್ನೇ ನೋಡಿದೆ. ಅದು ಮುಚ್ಚಿಕೊಂಡಿತ್ತು. ಬಿದ್ದುಹೋದ ರೈಫಲ್ ಅಲ್ಲ ಅದು. ಲಿವರ್ ಮುಚ್ಚಿ, ಬೀಳದ ಹಾಗೆ ಮರಕ್ಕೆ ಒರಗಿಸಿ ಇಟ್ಟದ್ದು. ಕುದುರೆ ಹುಡುಕಲೋ, ನೀರು ಕುಡಿಯಲೋ, ಐದು ನಿಮಿಷದಲ್ಲಿ ಬರುತ್ತೇನೆ ಅಂತ ಹೋದವರು ಇಡುವ ಹಾಗೆ. ‘ಅಪ್ಪಾ, ಹೊರಡೋಣ್ವಾ?’ ಅಂತ ಮಗಳು ಎರಡು ಸಲ ಕೇಳಿದಳು.