ಓದುಗರ ಪ್ರಶ್ನೆ: ಭಯಾನಕ ಕಥೆಗೆ ವಿಮರ್ಶೆ ಬರೆಯುವುದು ಹೇಗೆ?

ಭಯಾನಕ ಕಥೆ, ಕಾದಂಬರಿಗಳ ಓದು ಮತ್ತು ವಿಮರ್ಶೆಯ ಬಗ್ಗೆ ಓದುಗರು ಕೇಳಿರುವ ನಾಲ್ಕು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಊರಿನ ಓದುಗರ ಬಳಗಕ್ಕಾಗಿ ನಾನು ಇಂಗ್ಲಿಷಿನ ಭಯಾನಕ ಕಾದಂಬರಿಗಳ ಪರಿಚಯವನ್ನು ಬರೆಯುತ್ತಿದ್ದೇನೆ. ಕಥೆಯನ್ನು ಹೇಳಿಬಿಟ್ಟರೆ ಮುಂದೆ ಓದುವವರಿಗೆ ಭಯವೇ ಉಳಿಯುವುದಿಲ್ಲ. ಹೇಳದಿದ್ದರೆ ನನಗೆ ಬರೆಯಲು ಏನೂ ಉಳಿಯುವುದಿಲ್ಲ. ಎಲ್ಲಿಯವರೆಗೆ ಹೇಳಬಹುದು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಘಟನೆಗಳ ಸಾರಾಂಶವೇ ವಿಮರ್ಶೆಯ ಮುಖ್ಯ ಭಾಗವೆಂದು ಭಾವಿಸಿದಾಗ ಈ ಇಕ್ಕಟ್ಟು ಹುಟ್ಟುತ್ತದೆ. ಭಯಾನಕ ಕಥೆಯಲ್ಲಿ ವಿಮರ್ಶಕರು ಮೊದಲು ನೋಡಬೇಕಾದದ್ದು ಓದುವವರಿಗೆ ಯಾವ ಸಂಗತಿ, ಯಾವ ಹೊತ್ತಿನಲ್ಲಿ, ಯಾರ ಬಾಯಿಂದ ತಿಳಿಯುತ್ತದೆ ಎಂಬುದನ್ನು. ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ 1897ರಲ್ಲಿ ಪ್ರಕಟವಾಯಿತು. ಅದರ ಕೌಂಟ್ (ಸಿರಿವಂತ ಪ್ರಭು) ಡ್ರಾಕುಲಾ ಯಾರು, ಅವನ ಆಹಾರವೇನು ಎಂಬುದು ಇಂದು ಪುಸ್ತಕವನ್ನು ಮುಟ್ಟದವರಿಗೂ ಗೊತ್ತಿದೆ. ಆದರೂ ಅದರ ಮೊದಲ ನಾಲ್ಕು ಅಧ್ಯಾಯಗಳು ಈಗಲೂ ಎದೆ ನಡುಗಿಸುತ್ತವೆ. ಇಡೀ ಕಾದಂಬರಿಯು ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕೆಯ ತುಣುಕುಗಳಿಂದ ಕಟ್ಟಿದ್ದಾದ ಕಾರಣ, ಬರೆಯುವವನಿಗೆ ಆ ರಾತ್ರಿ ಎಷ್ಟು ತಿಳಿದಿದೆಯೋ ಅಷ್ಟೇ ನಮಗೂ ತಿಳಿಯುತ್ತದೆ. ಕೋಟೆಗೆ ಕೆಲಸದ ಮೇಲೆ ಬಂದ ತರುಣ ಜೊನಾಥನ್ ಹಾರ್ಕರ್ ಮೂರನೆಯ ಅಧ್ಯಾಯದಲ್ಲಿ ಬಾಗಿಲ ಸಂದಿನಿಂದ ಇಣುಕಿದಾಗ, ಕೌಂಟ್ ತಾನೇ ಊಟದ ಮೇಜನ್ನು ಅಣಿಗೊಳಿಸುತ್ತಿರುವುದು ಕಾಣುತ್ತದೆ. ಅಂದರೆ ಕೋಟೆಯಲ್ಲಿ ಆಳುಗಳೇ ಇಲ್ಲ. ಆಳುಗಳಿಲ್ಲವೆಂದಾದರೆ, ಬರಿಯ ಕೈಸನ್ನೆಯಿಂದ ತೋಳಗಳನ್ನು ಸುಮ್ಮನಾಗಿಸುತ್ತ, ಕತ್ತಲಲ್ಲಿ ಗಾಡಿ ಹೊಡೆದು ತನ್ನನ್ನು ಇಲ್ಲಿಗೆ ಕರೆತಂದವನೂ ಇವನೇ ಇರಬೇಕು! ತಟ್ಟೆ ಜೋಡಿಸುವಂಥ ಸಾಧಾರಣ ಮನೆಗೆಲಸದಿಂದ ಇಷ್ಟು ದೊಡ್ಡ ಭಯ ಹೇಗೆ ಹೊರಟಿತೆಂಬುದರ ಬಗ್ಗೆ ನೀವು ಒಂದು ಪುಟ ಬರೆಯಬಹುದು. ಹಾಗೆ ಬರೆದರೂ ಮುಂದಿನ ಕಥೆಗೆ ಯಾವ ಹಾನಿಯೂ ಆಗುವುದಿಲ್ಲ. ಉದಾಹರಣೆಗಳನ್ನು ಪುಸ್ತಕದ ಮೊದಲ ಕಾಲು ಭಾಗದಿಂದ ಆರಿಸಿಕೊಳ್ಳುವುದು ಸುರಕ್ಷಿತವಾದ ಮಿತಿಯೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಗೆಯ ಕೃತಿಗಳಿವೆ. ಅಲ್ಲಿ ಕೊನೆಯನ್ನು ಹೇಳದೆ ಹೋದರೂ ವಿಮರ್ಶಕರ ಒಂದೇ ಒಂದು ವಾಕ್ಯ ಕೃತಿಯನ್ನು ಕೆಡಿಸಿಬಿಡಬಲ್ಲದು. ಹೆನ್ರಿ ಜೇಮ್ಸ್ ಅವರ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898) ಅಂಥದು. ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ಇಬ್ಬರು ಮಕ್ಕಳಿಗೆ ಪಾಠ ಹೇಳಲು ಬಂದ ಯುವತಿಗೆ, ಹಿಂದೆ ಅಲ್ಲಿದ್ದು ಸತ್ತ ಇಬ್ಬರು ಕಾಣಿಸಿಕೊಳ್ಳತೊಡಗುತ್ತಾರೆ; ಅದನ್ನೆಲ್ಲ ನಮಗೆ ಹೇಳುವವಳು ಅವಳೇ. ಆ ಪ್ರೇತಗಳು ಅವಳ ಮನಸ್ಸಿನ ಸೃಷ್ಟಿಯೆಂದು ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲಿ ವಾದಿಸಿದಂದಿನಿಂದ ವಿಮರ್ಶಕರು ಎರಡು ಪಕ್ಷಗಳಾಗಿ ಜಗಳವಾಡುತ್ತ ಬಂದಿದ್ದಾರೆ. ಕಂಡದ್ದು ನಿಜವೋ ಭ್ರಮೆಯೋ ಎಂದು ಓದುವವರು ತೂಗಾಡುವ ಸ್ಥಿತಿಯೇ ಇಂಥ ಸಾಹಿತ್ಯದ ಜೀವ ಎಂಬ ಸಾಹಿತ್ಯ ಚಿಂತಕ ತ್ಸ್ವೆತಾನ್ ತೊದೊರೊವ್ ಅವರ ಮಾತು (1970) ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ನಿಮ್ಮದೇ ತೀರ್ಮಾನ ಇರಲಿ. ಆದರೆ ಕೃತಿಯನ್ನು ಇನ್ನೂ ಓದದವರಿಗಾಗಿ ಬರೆಯುವ ಪರಿಚಯದಲ್ಲಿ ಆ ತೀರ್ಮಾನಕ್ಕೆ ಜಾಗವಿಲ್ಲ. ‘ಭ್ರಮೆಗೊಳಗಾದ ಹೆಂಗಸಿನ ಕಥೆ’ ಎಂದು ನೀವು ಬರೆದ ಕ್ಷಣವೇ ಓದುವವರ ಪಾಲಿನ ತೂಗಾಟ ಮುಗಿದುಹೋಗುತ್ತದೆ.

ಒಂದು ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ಮಕ್ಕಳ ಮೇಲಿನ ಹಿಂಸೆ, ಲೈಂಗಿಕ ದೌರ್ಜನ್ಯ, ಆತ್ಮಹತ್ಯೆಗಳ ವಿವರವಾದ ಚಿತ್ರಣ ಪುಸ್ತಕದಲ್ಲಿದ್ದರೆ, ಯಾರಿಗೆ ಏನಾಗುತ್ತದೆ ಎಂಬುದನ್ನು ಬಿಟ್ಟು, ಅಂಥ ಚಿತ್ರಣವಿದೆ ಎಂದಷ್ಟನ್ನು ಸ್ಪಷ್ಟವಾಗಿ ತಿಳಿಸಿ. ಕಥೆಯ ಗುಟ್ಟಿಗಿಂತ ಓದುವವರ ನೆಮ್ಮದಿ ದೊಡ್ಡದು.

ಪ್ರಶ್ನೆ: ಎಲ್ಲರೂ ಹೊಗಳುವ ಭಯಾನಕ ಕಾದಂಬರಿಯೊಂದನ್ನು ಓದಿದೆ, ನನಗೆ ಸ್ವಲ್ಪವೂ ಭಯವಾಗಲಿಲ್ಲ. ಅದು ಸೋತಿದೆಯೆಂದು ಬರೆಯುವುದು ಸರಿಯೇ? (ಓದುಗರೊಬ್ಬರು, ಮೈಸೂರು)

ಉತ್ತರ: ಭಯವಾಗಲಿಲ್ಲ ಎಂಬುದನ್ನು ಮರೆಮಾಚದೆ ಬರೆಯಿರಿ, ಆದರೆ ಅದನ್ನೇ ತೀರ್ಪೆಂದು ಕೊಡಬೇಡಿ. ಭಯಕ್ಕೆ ಓದಿದ ಹೊತ್ತು, ಓದಿದವರ ವಯಸ್ಸು, ಅವರ ಬಾಳಿನ ಅನುಭವ ಎಲ್ಲವೂ ಕಾರಣವಾಗುತ್ತವೆ. ಕಾಲವೂ ಕಾರಣವಾಗುತ್ತದೆ. ಈ ಪ್ರಕಾರದ ಮೊದಲ ಇಂಗ್ಲಿಷ್ ಕಾದಂಬರಿಯೆಂದು ಸಾಮಾನ್ಯವಾಗಿ ಹೇಳುವ, ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ ಕೃತಿಯ ಆರಂಭದಲ್ಲೇ ಬೃಹತ್ತಾದ ಶಿರಸ್ತ್ರಾಣವೊಂದು ಬಿದ್ದು ಮದುವೆಯ ಗಂಡು ಸಾಯುತ್ತಾನೆ. ಇಂದಿನ ಓದುಗರಿಗೆ ಅಲ್ಲಿ ಭಯಕ್ಕಿಂತ ನಗು ಬರುವುದೇ ಹೆಚ್ಚು. ಆದರೂ ವಂಶದ ಹಳೆಯ ಅನ್ಯಾಯವು ಒಂದು ಕಟ್ಟಡದ ಮೂಲಕ ಸೇಡು ತೀರಿಸಿಕೊಳ್ಳುತ್ತದೆ ಎಂಬ ಅದರ ಕಲ್ಪನೆ ಇಂದಿಗೂ ಹೊಸ ಕಾದಂಬರಿಗಳಲ್ಲಿ ಬಾಳುತ್ತಿದೆ.

ಎಡ್ಗರ್ ಆಲನ್ ಪೋ ಭಯಾನಕ ಕಥೆಗಾರರಾಗಿದ್ದಂತೆಯೇ ಪತ್ರಿಕೆಗಳ ನಿಷ್ಠುರ ವಿಮರ್ಶಕರೂ ಆಗಿದ್ದರು. ಅಮೆರಿಕದ ಕಥೆಗಾರ ಹಾಥಾರ್ನ್ ಅವರ ಕಥೆಗಳಿಗೆ 1842ರಲ್ಲಿ ಬರೆದ ವಿಮರ್ಶೆಯಲ್ಲಿಯೇ ಅವರು ತಮ್ಮ ಪ್ರಸಿದ್ಧ ತತ್ತ್ವವನ್ನು ಮಂಡಿಸಿದರು: ಕಥೆಗಾರನು ತಾನು ಉಂಟುಮಾಡಬೇಕೆಂದಿರುವ ಒಂದೇ ಪರಿಣಾಮವನ್ನು ಮೊದಲು ನಿಶ್ಚಯಿಸಿಕೊಂಡು, ಮೊದಲ ವಾಕ್ಯದಿಂದಲೇ ಅದರ ಕಡೆಗೆ ನಡೆಯಬೇಕು, ಓದುವವರು ಅದನ್ನು ಒಂದೇ ಸಲಕ್ಕೆ ಕುಳಿತು ಓದಿ ಮುಗಿಸುವಂತಿರಬೇಕು. ಈ ಅಳತೆಗೋಲು ನಿಮಗೆ ತುಂಬ ಸಹಾಯಕ. ನೀವು ಆ ಕಾದಂಬರಿಯನ್ನು ದಿನಕ್ಕೆ ಹತ್ತು ಪುಟದಂತೆ, ಬಸ್ಸಿನ ಗದ್ದಲದಲ್ಲಿ ಓದಿದ್ದರೆ ಸೋಲು ಯಾರದೆಂದು ಹೇಳುವುದು ಕಷ್ಟ. ಒಂದು ಸಂಜೆ ಬಿಡುವು ಮಾಡಿಕೊಂಡು, ಕೊನೆಯ ನೂರು ಪುಟಗಳನ್ನಾದರೂ ಒಟ್ಟಿಗೆ ಮತ್ತೆ ಓದಿ. ಆಗಲೂ ಭಯ ಹುಟ್ಟದಿದ್ದರೆ ಅದು ಎಲ್ಲಿ ಜಾರಿತೆಂದು ಹುಡುಕಿ: ಲೇಖಕರು ಬೇಗನೆ ಎಲ್ಲವನ್ನೂ ವಿವರಿಸಿಬಿಟ್ಟರೇ, ಅಪಾಯಕ್ಕೆ ಸಿಕ್ಕ ಪಾತ್ರದ ಬಗ್ಗೆ ನಮಗೆ ಕಾಳಜಿಯೇ ಮೂಡಲಿಲ್ಲವೇ, ಬಾಗಿಲು ಕಿರುಗುಟ್ಟುವ ಸದ್ದು ಐದನೆಯ ಸಲಕ್ಕೆ ಹಳತಾಯಿತೇ? ಆ ಜಾಗವನ್ನು ತೋರಿಸಿ ಬರೆದ ಪ್ರತಿಕೂಲ ವಿಮರ್ಶೆಯನ್ನು ಆ ಕಾದಂಬರಿಯನ್ನು ಮೆಚ್ಚಿದವರೂ ಗೌರವಿಸುತ್ತಾರೆ. ‘ಮೈ ನವಿರೇಳಿಸುತ್ತದೆ’ ಎಂದಷ್ಟೇ ಹೇಳಿ ಮುಗಿಸುವ ಹೊಗಳಿಕೆಯಲ್ಲಿ ಇದರ ಅರ್ಧದಷ್ಟೂ ತಿರುಳಿರುವುದಿಲ್ಲ.

ಪ್ರಶ್ನೆ: ಈಗಿನ ಭಯಾನಕ ಕಥೆಗಳಲ್ಲಿ ರಕ್ತ, ಕೊಳೆತ ಹೆಣಗಳ ವರ್ಣನೆಯೇ ತುಂಬಿರುತ್ತದೆ. ಇದನ್ನು ಸಾಹಿತ್ಯವೆಂದು ವಿಮರ್ಶಿಸಬೇಕೇ? (ಓದುಗರೊಬ್ಬರು, ಧಾರವಾಡ)

ಉತ್ತರ: ವಿಮರ್ಶಿಸಲೇಬೇಕು, ಮತ್ತು ಅದಕ್ಕೆ ಬೇಕಾದ ಸಲಕರಣೆ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಭರತನ ನಾಟ್ಯಶಾಸ್ತ್ರವು ಭಯಾನಕ ಮತ್ತು ಬೀಭತ್ಸಗಳನ್ನು ಎರಡು ಬೇರೆ ರಸಗಳೆಂದು ಗುರುತಿಸುತ್ತದೆ. ಮೊದಲನೆಯದರ ಸ್ಥಾಯಿಭಾವ (ಅದರ ಬುಡದಲ್ಲಿರುವ ಭಾವ) ಭಯ, ಎರಡನೆಯದರದು ಜುಗುಪ್ಸೆ. ಭಯಾನಕಕ್ಕೆ ಕಾರಣಗಳೆಂದು ಭರತನು ವಿಕಾರವಾದ ಸದ್ದು, ಭೂತದರ್ಶನ, ನರಿ ಮತ್ತು ಗೂಬೆಗಳು, ಪಾಳುಬಿದ್ದ ಮನೆ, ಅರಣ್ಯ ಇವುಗಳನ್ನು ಹೆಸರಿಸಿದ್ದಾನೆ. ಅಷ್ಟೇ ಅಲ್ಲ, ಬೀಭತ್ಸದಿಂದ ಭಯಾನಕ ಹುಟ್ಟುತ್ತದೆಂದೂ ಹೇಳುತ್ತಾನೆ. ಇಂಗ್ಲೆಂಡಿನ ಕಾದಂಬರಿಕಾರ್ತಿ ಆ್ಯನ್ ರ‍್ಯಾಡ್‌ಕ್ಲಿಫ್ ಅವರು ತೀರಿಕೊಂಡ ಮೇಲೆ 1826ರಲ್ಲಿ ಪ್ರಕಟವಾದ ಬರಹವೊಂದರಲ್ಲಿ, ಅಸ್ಪಷ್ಟವಾದ ಅಪಾಯದಿಂದ ಹುಟ್ಟುವ ಭಯವು ಚೇತನವನ್ನು ಹಿಗ್ಗಿಸಿ ಎಚ್ಚರಿಸುತ್ತದೆಂದೂ, ಕಣ್ಣೆದುರಿನ ಘೋರವು ಅದನ್ನು ಕುಗ್ಗಿಸಿ ಮರಗಟ್ಟಿಸುತ್ತದೆಂದೂ ವಾದಿಸಿದ್ದಾರೆ. ಸ್ಟೀಫನ್ ಕಿಂಗ್ 1981ರ ತಮ್ಮ ವಿಮರ್ಶಾಗ್ರಂಥದಲ್ಲಿ ಇದಕ್ಕೆ ಮೂರನೆಯ ಮೆಟ್ಟಿಲನ್ನು ಸೇರಿಸಿ, ಅಸಹ್ಯ ಹುಟ್ಟಿಸುವುದನ್ನು ಅತಿ ಕೆಳಗಿಟ್ಟರು. ಆದರೂ ಉಳಿದೆರಡು ಕೈಗೂಡದಾಗ ತಾವು ಅದನ್ನೂ ಬಳಸುವುದಾಗಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.

ಹಾಗಾದರೆ ಬೀಭತ್ಸವು ಕೀಳೇ? ರನ್ನನ ಗದಾಯುದ್ಧವನ್ನು ಓದಿದವರು ಹಾಗೆ ಹೇಳಲಾರರು. ಸಂಜಯನೊಡನೆ ದುರ್ಯೋಧನನು ಹೆಣಗಳನ್ನು ಎಡವುತ್ತ, ನೆತ್ತರಿನಲ್ಲಿ ಜಾರುತ್ತ ರಣರಂಗವನ್ನು ದಾಟುವ ಭಾಗದಲ್ಲಿ ಮರುಳುಗಳೂ (ಪಿಶಾಚಿಗಳೂ) ಬರುತ್ತವೆ, ಜುಗುಪ್ಸೆಗೆ ಕೊರತೆಯೇ ಇಲ್ಲ. ಆದರೆ ಅದೇ ನಡಿಗೆಯಲ್ಲಿ ಅವನಿಗೆ ತಮ್ಮ ದುಶ್ಶಾಸನನ, ಮಗ ಲಕ್ಷಣಕುಮಾರನ, ಗೆಳೆಯ ಕರ್ಣನ ಕಳೇಬರಗಳು ಎದುರಾಗುತ್ತವೆ. ನೆತ್ತರಿನ ಕೆಸರನ್ನು ಅಷ್ಟು ಹೊತ್ತು ತುಳಿದು ಬಂದ ಕಾರಣದಿಂದಲೇ ಆ ಶೋಕಕ್ಕೆ ಅಷ್ಟು ಭಾರ ಬರುತ್ತದೆ. ಇಂದಿನ ಕಥೆಗೂ ಇದನ್ನೇ ಕೇಳಿ: ಈ ಅಸಹ್ಯವನ್ನು ದಾಟಿದ ಮೇಲೆ ಕಥೆ ನಮ್ಮನ್ನು ಯಾವ ಭಾವಕ್ಕೆ ಮುಟ್ಟಿಸುತ್ತದೆ? ಮುಟ್ಟಿಸುವುದಿಲ್ಲವೆಂದಾದರೆ ಹಾಗೆಂದು ಕಟುವಾಗಿಯೇ ಬರೆಯಿರಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಭಯಾನಕ ಕಥೆಗಳ ಓದನ್ನು ಎಲ್ಲಿಂದ ಆರಂಭಿಸಲಿ? (ಪದವಿ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಎಂ. ಆರ್. ಜೇಮ್ಸ್ ಅವರಿಂದ ಆರಂಭಿಸಿ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿದ್ದ ಈ ಹಸ್ತಪ್ರತಿ ವಿದ್ವಾಂಸರು ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರೆದುರು ಓದುವುದಕ್ಕೆಂದು ಇಂಥ ಕಥೆಗಳನ್ನು ಬರೆಯುತ್ತಿದ್ದರು. ಮೊದಲ ಸಂಕಲನ 1904ರಲ್ಲಿ ಬಂತು. ಪಾತ್ರಗಳನ್ನು ನೆಮ್ಮದಿಯ ದಿನಚರಿಯಲ್ಲಿ ಪರಿಚಯಿಸಿ, ಆ ಶಾಂತ ವಾತಾವರಣದೊಳಕ್ಕೆ ಅಶುಭವು ಮೆಲ್ಲಗೆ ತಲೆಹಾಕುವಂತೆ ಮಾಡಬೇಕೆಂಬುದು ಅವರ ಸೂತ್ರವಾಗಿತ್ತು. ಆ ಸಂಕಲನದಲ್ಲಿ ಸಮುದ್ರತೀರಕ್ಕೆ ರಜೆ ಕಳೆಯಲು ಹೋಗುವ, ದೆವ್ವಗಳನ್ನು ನಂಬದ ಪ್ರಾಧ್ಯಾಪಕನ ಕಥೆಯೊಂದಿದೆ. ಅವನಿಗೆ ವಸತಿಗೃಹದಲ್ಲಿ ದೊರೆತ ಕೋಣೆಯಲ್ಲಿ ಎರಡು ಹಾಸಿಗೆಗಳಿವೆ ಎಂಬ ಮಾತು ಬಹಳ ಬೇಗ, ಸಾಧಾರಣ ಹರಟೆಯ ನಡುವೆ ಬಂದುಹೋಗುತ್ತದೆ. ಮೊದಲ ಓದನ್ನು ಕಥೆಗಾಗಿ ಓದಿ. ಎರಡನೆಯ ಓದಿನಲ್ಲಿ ಪೆನ್ಸಿಲ್ ಹಿಡಿದು, ಆ ಖಾಲಿ ಹಾಸಿಗೆಯ ಪ್ರಸ್ತಾಪ ಎಲ್ಲೆಲ್ಲಿ ಬರುತ್ತದೆಂದು ಗುರುತು ಹಾಕಿಕೊಳ್ಳಿ. ಆಮೇಲೆ ನೀವು ಬರೆದ ವಿಮರ್ಶೆಯನ್ನು ನಮಗೂ ಕಳುಹಿಸಿ.